ಅತ್ತೆ ಕೇಳಿದ ಕಂತು

ಮದುವೆಯಾಗಿ ಶಿಕಾರಿಪುರದಿಂದ ಸೊರಬಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಹಳೆಯ ವಾರಪತ್ರಿಕೆಗಳೇ ಹೆಚ್ಚಿದ್ದವು. ನನ್ನವ್ವ ಅವನ್ನು ತೆಗೆದು ಹೊರಗಿಟ್ಟಾಗಲೆಲ್ಲ ನಾನು ಮತ್ತೆ ಸೀರೆಗಳ ಕೆಳಗೆ ತುರುಕುತ್ತಿದ್ದೆ. ಗಂಡನ ಮನೆಯಲ್ಲಿ ಟ್ರಂಕು ತೆಗೆದ ದಿನ ಅತ್ತೆ ಇಣುಕಿ ನೋಡಿ, "ಎಂತದೇ ಇದು, ರದ್ದಿ ತಂದಿದೀಯಲ್ಲ!" ಎಂದರು.

ನಾನು ತಲೆ ತಗ್ಗಿಸಿ, "ಅದರಾಗ ಕತಿ ಅದಾವ್ರಿ ಅತ್ತಿ" ಎಂದೆ.

ಅತ್ತೆ ಗೋಡೆಗೆ ಒರಗಿ ನಕ್ಕರು. "ಅತ್ತಿ ಅಂದ್ರೆ ಮರ ಕಣೆ. ನಾನು ಅತ್ತೆ."

ನಮ್ಮ ಶಿಕಾರಿಪುರದ ಮಾತು ಸೊರಬದಲ್ಲಿ ಹೀಗೆ ನಗೆಪಾಟಲಾಗುತ್ತದೆ ಎಂದು ನನಗೆ ಅದುವರೆಗೂ ಗೊತ್ತಿರಲಿಲ್ಲ. ಅಳು ಬಂದಂತಾಯಿತು. ಆದರೆ ಅವರು ನಕ್ಕ ರೀತಿಯಲ್ಲಿ ಕುಹಕವಿರಲಿಲ್ಲ. ಆಮೇಲೆ ತಾವೇ ಕೂತು ಆ ಪತ್ರಿಕೆಗಳನ್ನು ಅಂಚು ಸರಿಮಾಡಿ ಜೋಡಿಸಿ, ಇಲಿ ಕಡಿಯದ ಹಾಗೆ ನಾಗಂದಿಗೆಯ ಮೇಲೆ ಇಟ್ಟುಕೊಟ್ಟರು.

ಮನೆ ಪೇಟೆಯ ಕೊನೆಗೆ, ಮಿಡ್ಲ್ ಸ್ಕೂಲಿನ ಹತ್ತಿರ. ನನ್ನ ಗಂಡ ಅದೇ ಸ್ಕೂಲಿನಲ್ಲಿ ಮೇಷ್ಟ್ರು. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಂಡ ಹೊರಟ ಮೇಲೆ ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಪಕ್ಕದ ಮನೆ ದರ್ಜಿ ಸಾಹೇಬರದು. ಅವರ ಹೆಂಡತಿಯನ್ನು ನಾನು ಚಾಚಿ ಎನ್ನುತ್ತಿದ್ದೆ. ಗಂಡ ಹೊಲಿದ ಅಂಗಿಗಳಿಗೆ ಕಾಜ ಹಾಕುವುದು, ಗುಂಡಿ ಹಚ್ಚುವುದು ಚಾಚಿಯ ಪಾಲಿನ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಅಂಗಿಗಳ ಗಂಟು ಹಿಡಿದು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಬೆಳಕು ನಮ್ಮ ಜಗಲಿಯಲ್ಲೇ ಚೆನ್ನಾಗಿದೆ ಎಂಬುದು ಅವರು ಕೊಡುತ್ತಿದ್ದ ಕಾರಣ.

ಹೆಡ್‌ಮಾಸ್ಟರು ಒಂದು ವಾರಪತ್ರಿಕೆ ತರಿಸುತ್ತಿದ್ದರು. ಅವರ ಮನೆಯಲ್ಲಿ ಎಲ್ಲರೂ ಓದಿಯಾದ ಮೇಲೆ ಅದು ನನ್ನ ಗಂಡನ ಕೈಗೆ ಬರುತ್ತಿತ್ತು. ಭಾನುವಾರ ನಾನು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಮೊದಮೊದಲು ಅವರು ಮೊರದಲ್ಲಿ ಅಕ್ಕಿ ಆರಿಸುತ್ತಾ, ಕೇಳುತ್ತಿಲ್ಲವೇನೋ ಎಂಬಂತೆ ಇರುತ್ತಿದ್ದರು. ನಾನು ನಿಲ್ಲಿಸಿದರೆ ಮೊರವೂ ನಿಲ್ಲುತ್ತಿತ್ತು. "ಎಂತಾತು ಆಮೇಲೆ?" ಎಂದು ಅಕ್ಕಿಯನ್ನೇ ನೋಡುತ್ತಾ ಕೇಳುತ್ತಿದ್ದರು.

ಆ ಪತ್ರಿಕೆಯಲ್ಲಿ ಒಬ್ಬ ವಿಜ್ಞಾನಿಯ ಕತೆಗಳು ಬರುತ್ತಿದ್ದವು. ಅವನಿಗೆ ಹೆಂಡತಿ ಮಕ್ಕಳಿಲ್ಲ. ತಂಗಿಯ ಮಗಳೊಬ್ಬಳು ಜೊತೆಗಿರುತ್ತಾಳೆ. ಇಬ್ಬರೂ ಒಮ್ಮೆ ಸಮುದ್ರದ ತಳಕ್ಕೆ ಇಳಿಯುತ್ತಾರೆ, ಇನ್ನೊಮ್ಮೆ ಚಂದ್ರಲೋಕಕ್ಕೆ ಹಾರುತ್ತಾರೆ. ಒಂದು ಸಾಹಸ ಎರಡು ಮೂರು ವಾರದಲ್ಲಿ ಮುಗಿದು ಹೊಸದು ಶುರುವಾಗುತ್ತಿತ್ತು. ರಷ್ಯಾದವರು ಆಕಾಶಕ್ಕೆ ನಾಯಿಯನ್ನು ಕಳಿಸಿದ ಕಾಲ ಅದು. ಪೇಪರಿನಲ್ಲಿ ಬಂದ ಆ ಸುದ್ದಿಯನ್ನು ನನ್ನ ಗಂಡ ಹೇಳಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಆ ನಾಯಿಗೆ ಅನ್ನ ಹಾಕೋರು ಯಾರು?" ಎಂದು. ಅದು ವಾಪಸು ಬರುವುದಿಲ್ಲ ಎಂದು ತಿಳಿದ ಮೇಲೆ ದಿನವಿಡೀ ರಷ್ಯಾದವರನ್ನು ಬೈದರು. ಕತೆಯ ವಿಜ್ಞಾನಿ ಮೇಲು ಎನ್ನುವುದು ಅವರ ಅಭಿಪ್ರಾಯವಾಗಿತ್ತು. ಅವನು ಕರೆದುಕೊಂಡು ಹೋದವರನ್ನು ಕರೆದುಕೊಂಡೇ ಬರುತ್ತಿದ್ದನಲ್ಲ.

ಹೀಗಿರುವಾಗ ಒಂದು ವಾರ ಆ ವಿಜ್ಞಾನಿ ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಹೋಗುವ ವಾಹನ ಕಟ್ಟಿದ. ಗಾಜಿನ ಕಪಾಟಿನಂಥದ್ದು, ಸುತ್ತಲೂ ತಾಮ್ರದ ತಂತಿ, ಒಳಗೆ ಎರಡು ಕುರ್ಚಿ, ಎರಡು ಹಿಡಿ. ಬಲಗಡೆಯ ಹಿಡಿ ಎಳೆದರೆ ನಾಳೆಗಳತ್ತ, ಎಡಗಡೆಯದು ಎಳೆದರೆ ನಿನ್ನೆಗಳತ್ತ. ಹೋದವರು ಅಲ್ಲಿ ಯಾರನ್ನೂ ಮುಟ್ಟಬಾರದು, ಮಾತಾಡಿಸಬಾರದು, ಬರೀ ನೋಡಿ ಬರಬೇಕು ಎಂದು ಸೋದರಸೊಸೆಗೆ ಕಟ್ಟಪ್ಪಣೆ ಮಾಡಿ ಅವನು ಎಡಗಡೆಯ ಹಿಡಿ ಎಳೆದ. ರಸ್ತೆ ಮಾಯವಾಯಿತು, ಮನೆಗಳು ಮಾಯವಾದವು, ಕಡಿದ ಮರಗಳೆಲ್ಲ ಎದ್ದು ನಿಂತವು. ಅಲ್ಲಿಗೆ ಆ ವಾರದ ಕಂತು ಮುಗಿಯಿತು.

ಅತ್ತೆಗೆ ತಲೆಬುಡ ತಿಳಿಯಲಿಲ್ಲ. "ಹಿಂದಕ್ಕೆ ಹೋಗೋದು ಅಂದ್ರೆ? ಹಿತ್ತಲಿಗಾ?"

ನಾನು ನಿನ್ನೆ, ಮೊನ್ನೆ, ಹೋದ ವರ್ಷ ಎಂದೆಲ್ಲ ವಿವರಿಸಲು ಒದ್ದಾಡಿದೆ. ಚಾಚಿಗೆ ಬೇಗ ಹೊಳೆದಿತ್ತು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೇಳಿದರು: "ಅಕ್ಕಾ, ನೀವು ಸಣ್ಣೋರಿದ್ದಾಗ ಜಡೆಯಲ್ಲಿ ಆಡ್ತಿದ್ರಲ್ಲ. ಈಗ ನೀವೇ ಅಲ್ಲಿಗೆ ಹೋಗಿ, ಬಾಗಿಲಲ್ಲಿ ನಿಂತು, ಆ ಹುಡುಗಿ ಆಡೋದು ನೋಡ್ತೀರಿ. ಅಷ್ಟೇ."

ಜಡೆ ಅತ್ತೆಯ ತವರೂರು. ಅವರು ಮೊರ ಕೆಳಗಿಟ್ಟು ರಸ್ತೆ ನೋಡಿದರು. "ಹಂಗಾ" ಎಂದರು.

ಆ ವಾರವೆಲ್ಲ ಅವರಿಗೆ ಅದೇ ಧ್ಯಾನ. ರೊಟ್ಟಿ ತಟ್ಟುತ್ತಿದ್ದರೆ ಹಿಂದೆ ಬಂದು ನಿಂತು, "ಅಲ್ಲಿಗೆ ಹೋದೋರಿಗೆ ಹಸಿವಾದ್ರೆ?" ಎನ್ನುತ್ತಿದ್ದರು. ಬಾವಿಯಲ್ಲಿ ನೀರು ಸೇದುವಾಗ ಒಮ್ಮೆ, "ಸತ್ತೋರು ಅಲ್ಲಿ ಇರ್ತಾರನೇ?" ಎಂದು ಕೇಳಿದರು. ಹದಿನೇಳರ ಹುಡುಗಿ ನಾನು, ಯೋಚಿಸದೆ ಉತ್ತರ ಕೊಟ್ಟೆ: "ಇರ್ತಾರಲ್ರೀ. ಅವ್ರಿಗೆ ತಾವು ಸತ್ತೀವಿ ಅಂತ ಗೊತ್ತಿರಂಗಿಲ್ಲ, ಅಷ್ಟೇ."

ಅತ್ತೆ ಹಗ್ಗ ಹಿಡಿದು ಹಾಗೇ ನಿಂತುಬಿಟ್ಟರು. ಕೊಡ ಅರ್ಧ ಬಾವಿಯಲ್ಲಿ ತೂಗುತ್ತಿತ್ತು.

ಮುಂದಿನ ಭಾನುವಾರ ಚಾಚಿ ಎಂದಿಗಿಂತ ಮೊದಲೇ ಬಂದು ಕೂತಿದ್ದರು. ನನ್ನ ಗಂಡ ಪತ್ರಿಕೆ ತಂದು ನನ್ನ ಕೈಗಿಟ್ಟು, ಸರಸರ ಒಳಗೆ ನಡೆದರು. ಬಿಡಿಸಿ ನೋಡಿದರೆ ನಡುವಿನ ಹಾಳೆಗಳೇ ಇಲ್ಲ. ಹೆಡ್‌ಮಾಸ್ಟರ ಮೊಮ್ಮಗ ಅವನ್ನು ಹರಿದು ದೋಣಿ ಮಾಡಿದ್ದನಂತೆ.

"ದೋಣಿ ಬಿಚ್ಚಿ ಒಣಗಿಸಿ ಓದಾಣ. ಹೋಗಿ ಇಸ್ಕಂಡು ಬಾ" ಎಂದರು ಅತ್ತೆ ಮಗನಿಗೆ.

"ಅದು ಬಚ್ಚಲ ಮೋರಿ ದಾಟಿ ಎಲ್ಲಿಗೆ ಹೋಯ್ತೋ ಯಾರಿಗೆ ಗೊತ್ತಮ್ಮ" ಎಂದು ಅವರು ಒಳಗಿಂದಲೇ ಹೇಳಿದರು.

"ಆ ವಯಸ್ಸಲ್ಲಿ ನೀನೇ ವಾಸಿ. ಮಣ್ಣು ತಿಂತಿದ್ದೆ, ಪುಸ್ತಕ ಮುಟ್ತಿರಲಿಲ್ಲ" ಎಂದು ಅತ್ತೆ ಗೊಣಗಿದರು. ಮತ್ತೆ ನನ್ನ ಕಡೆ ತಿರುಗಿ, "ನೀನು ಇಷ್ಟು ಕತೆ ಓದಿದೀಯಲ್ಲ. ಮುಂದೆ ಎಂತಾಗಿರ್ತದೆ, ನೀನೇ ಹೇಳು" ಎಂದರು.

"ಹೇಳಮ್ಮ, ಹೇಳು. ಕಾಜ ಹಾಕೋ ಕೈ ನಿಲ್ಲಬಾರದು" ಎಂದರು ಚಾಚಿ.

ನಾನು ಹೇಳಲು ಕೂತೆ. ಕತೆಯೊಳಗಿನವರನ್ನು ಎಲ್ಲಿಗೆ ಕಳಿಸಲಿ ಎಂದು ಯೋಚಿಸಿದಾಗ ತಟ್ಟನೆ ಬಂದದ್ದು ಬಂದಳಿಕೆ. ಚಿಕ್ಕವಳಿದ್ದಾಗ ನಮ್ಮಪ್ಪ ಒಮ್ಮೆ ಕರೆದುಕೊಂಡು ಹೋಗಿ ಅಲ್ಲಿಯ ಪಾಳುಬಿದ್ದ ಗುಡಿ, ಬಸದಿಗಳನ್ನು ತೋರಿಸಿದ್ದರು. ಆ ಗುಡಿಗಳಿನ್ನೂ ಹೊಸದಾಗಿ ಏಳುತ್ತಿರುವ ಕಾಲಕ್ಕೆ ವಿಜ್ಞಾನಿಯನ್ನೂ ಸೋದರಸೊಸೆಯನ್ನೂ ಕಳಿಸಿದೆ. ಉಳಿಗಳ ಸದ್ದು, ಕಲ್ಲಿನ ಪುಡಿ, ಅರ್ಧ ಕೆತ್ತಿದ ಕಂಬ, ಬುತ್ತಿ ಹೊತ್ತು ಬರುವ ಶಿಲ್ಪಿಗಳ ಹೆಂಡಿರು. ನನಗೇ ಹುರುಪು ಬಂತು. "ಬುತ್ತೀಲಿ ಮೆಣಸಿನಕಾಯಿ ಚಟ್ನಿ ಇತ್ತಾ?" ಎಂದು ಚಾಚಿ ಕೇಳಿದ್ದಕ್ಕೆ, ಇತ್ತು ಎಂದೆ.

ಬಂದಳಿಕೆ ಎಂದಾಗಿನಿಂದ ಅತ್ತೆಯ ಕೈ ಮೊರದಲ್ಲಿ ಆಡುತ್ತಿರಲಿಲ್ಲ. ಕೊನೆಗೆ, "ಅಷ್ಟು ಹಿಂದಿಂದು ಬೇಡ ಕಣೆ. ಸ್ವಲ್ಪ ಈಚೆ ತಾ" ಎಂದರು.

"ಎಷ್ಟು ಈಚೆಗ್ರಿ?"

"ದೊಡ್ಡ ಜ್ವರ ಬಂದು ಮನೆಮನೆ ಖಾಲಿಯಾತಲ್ಲ, ಅದಕ್ಕೆ ಹಿಂದಿನ ವರ್ಷಕ್ಕೆ. ಬಂದಳಿಕೆಯಲ್ಲೇ ನಿಲ್ಸು. ಬಸದಿ ಹಿಂದೆ ಒಂದು ಮನೆ ಐತೆ. ಅಂಗಳದಲ್ಲಿ ವೀರಗಲ್ಲು. ಅದಕ್ಕೆ ಕರು ಕಟ್ತಾರೆ. ಅಲ್ಲಿ ನಿಲ್ಸು."

ಚಾಚಿ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ವಾಹನವನ್ನು ಈಚೆ ತಂದು, ಆ ಅಂಗಳದಲ್ಲಿ ಕರುವಿನ ಪಕ್ಕದಲ್ಲಿ ನಿಲ್ಲಿಸಿದೆ. "ಈಗ ಮನೆಯೊಳಗಿಂದ ಯಾರು ಬರ್ತಾರ್ರಿ?"

"ನಮ್ಮಕ್ಕ."

ಅತ್ತೆಗೆ ಅಕ್ಕನೊಬ್ಬಳಿದ್ದಳು ಎಂದು ನಾನು ಕೇಳಿರಲೇ ಇಲ್ಲ. ಆದರೂ ಕತೆ ನಿಲ್ಲಿಸಬಾರದು ಎನಿಸಿತು. "ಅಕ್ಕ ಕೊಡ ತಗೊಂಡು ಹೊರಗ ಬಂದ್ಲು. ತೆಳ್ಳಗ, ಉದ್ದ ಜಡೆ, ಗುಂಡು ಮುಖ..."

"ಗುಂಡು ಮುಖ ಅಲ್ಲ."

"ಕೋಲು ಮುಖ."

"ಅದೂ ಅಲ್ಲ ಕಣೆ."

"ಮತ್ತ ಹೆಂಗಿತ್ರಿ?"

ಅತ್ತೆ ಎರಡು ಸಲ ಕೈ ಎತ್ತಿ ಗಾಳಿಯಲ್ಲಿ ಏನೋ ತೋರಿಸಹೋಗಿ ಇಳಿಸಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು: "ಅವಳ ಕೈ ಗೊತ್ತು ನಂಗೆ. ತಲೆ ಬಾಚುವಾಗ ಅಲ್ಲಾಡಿದ್ರೆ ಕಿವಿ ಹಿಂದೆ ಚಿವುಟ್ತಿದ್ಲು. ದನಿ ಗೊತ್ತು. ಹಸಿರು ಸೀರೆ ಗೊತ್ತು. ಮುಖ ಮಾತ್ರ ಬರೋದೇ ಇಲ್ಲ. ಎಷ್ಟು ವರ್ಷ ಆತೋ, ಹುಡುಕ್ತಾನೇ ಇದೀನಿ. ಆ ನಿನ್ನ ವಾಹನದಲ್ಲಿ ಮುಟ್ಟಬಾರದು, ಮಾತಾಡಬಾರದು ಅಂದ್ಯಲ್ಲ. ಬೇಡ. ನೋಡಿದ್ರೆ ಸಾಕಿತ್ತು."

ಆ ಮಧ್ಯಾಹ್ನ ಅವರು ಹೇಳಿದ್ದು ಇಷ್ಟು. ಅಕ್ಕನನ್ನು ಬಂದಳಿಕೆಗೆ ಕೊಟ್ಟಿದ್ದರು. ಹೆಣ್ಣು ಕೂಸು ಹುಟ್ಟಿ ಇನ್ನೂ ತೊಟ್ಟಿಲಲ್ಲಿರುವಾಗ ಆ ಜ್ವರ ಬಂತು. ಅಕ್ಕ ಹೋದಳು. ಸುದ್ದಿ ಜಡೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅತ್ತೆಯ ಅಪ್ಪ ಕೂಸನ್ನು ತಾವು ಸಾಕುತ್ತೇವೆಂದು ಕೇಳಲು ಹೋದರು. ನಮ್ಮ ಮನೆಯ ಕೂಸು ನಮ್ಮಲ್ಲೇ ಬೆಳೆಯಲಿ ಎಂದು ಬಂದಳಿಕೆಯವರು ಕೊಡಲಿಲ್ಲ. ದುಃಖದಲ್ಲಿದ್ದ ಎರಡೂ ಮನೆಯವರು ಆಡಬಾರದ ಮಾತು ಆಡಿದರು. ಅಲ್ಲಿಂದೀಚೆ ಹೋಗಿ ಬರುವುದು ನಿಂತೇಹೋಯಿತು. ಅತ್ತೆ ಆಗ ಪರಕಾರ ಉಡುವ ಹುಡುಗಿ. ದೊಡ್ಡವರು ಮನೆಯಲ್ಲಿ ಅಕ್ಕನ ಸುದ್ದಿ ಎತ್ತುತ್ತಿರಲಿಲ್ಲ, ಇವರೂ ಎತ್ತಲಿಲ್ಲ.

ನಾನು ಕತೆಯನ್ನು ಹೇಗೋ ಮುಗಿಸಬೇಕಾಗಿತ್ತು. ಅಕ್ಕ ಕರುವಿಗೆ ನೀರಿಟ್ಟು, ಅದರ ಮೈ ಸವರಿ, ಬೆನ್ನು ತಿರುಗಿಸಿ ಒಳಗೆ ಹೋದಳು ಎಂದೆ. ಕಾಣದ ಮುಖವನ್ನು ಎಲ್ಲಿಂದ ತರಲಿ?

"ಇರ್ಲಿ ಬಿಡು. ಅಷ್ಟಾದ್ರೂ ಕಂಡ್ಲಲ್ಲ" ಎಂದು ಅತ್ತೆ ಎದ್ದು ಮೊರ ಒಳಗಿಟ್ಟರು. ಚಾಚಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಆ ದಿನ ಒಂದು ಅಂಗಿಯ ಗುಂಡಿಗಳನ್ನು ತಪ್ಪು ಮಗ್ಗುಲಿಗೆ ಹಚ್ಚಿರುವುದನ್ನು ನೋಡಿ, ಸಾಹೇಬರು ಬೈಯುತ್ತಾರೆ ಎಂದು ಕೂತು ಬಿಚ್ಚತೊಡಗಿದರು.

ನನ್ನ ಗಂಡನಿಗೂ ಹೀಗೊಬ್ಬ ದೊಡ್ಡಮ್ಮ ಇದ್ದದ್ದು ಗೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡರು. ಆಮೇಲೆ, "ಅಮ್ಮ ಬಂದಳಿಕೆಗೆ ಹೋಗ್ತೀನಿ ಅಂದ್ರೆ ನಾನು ಬೇಡ ಅಂತೀನಾ" ಎಂದರು. ಆದರೆ ಅತ್ತೆ ಹೋಗುತ್ತೇನೆಂದು ಬಾಯಿಬಿಟ್ಟು ಹೇಳಲಿಲ್ಲ. ಆ ಮಾತು ಅಲ್ಲಿಗೇ ನಿಂತಿತು.

ಸಂಕ್ರಾಂತಿಗೆ ತವರಿನಿಂದ ನನಗೆ ಕರೆ ಬಂತು. ಸ್ಕೂಲಿಗೆ ಇನ್‌ಸ್ಪೆಕ್ಟರು ಬರುವವರಿದ್ದುದರಿಂದ ನನ್ನ ಗಂಡ ಹೊರಡುವಂತಿರಲಿಲ್ಲ. "ನಾನೇ ಬಿಟ್ಟು ಬರ್ತೀನಿ" ಎಂದು ಅತ್ತೆ ತಯಾರಾದರು. ಅವರ ಕಂಕುಳಲ್ಲಿ ಇದ್ದ ಗಂಟು ಸೊಸೆಯನ್ನು ತವರಿಗೆ ಬಿಟ್ಟುಬರುವವರ ಗಂಟಿಗಿಂತ ದೊಡ್ಡದಾಗಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅತ್ತೆ ಎದ್ದು, "ಇಳಿ" ಎಂದರು.

"ಶಿಕಾರಿಪುರ ಇನ್ನೂ ಮುಂದೈತ್ರಿ ಅತ್ತಿ."

"ಗೊತ್ತು. ಇಳಿ."

ಇಳಿದೆ. ಸಂತೆ ಮುಗಿಸಿ ಹಿಂತಿರುಗುವ ಗಾಡಿಗಳು ಮರದ ಕೆಳಗೆ ನಿಂತಿದ್ದವು. ಅತ್ತೆ ನೇರ ಹೋಗಿ, ಬಂದಳಿಕೆಯ ಕಡೆ ಹೋಗುವ ಗಾಡಿ ಯಾವುದೆಂದು ಕೇಳಿದರು. ಉಪ್ಪಿನ ಚೀಲದ ಮೇಲೆ ಗೋಣಿ ಹಾಸಿ ಗಾಡಿಯವನು ನಮಗೆ ಜಾಗ ಮಾಡಿಕೊಟ್ಟ.

"ಯಾರ ಮನಿಗ್ರಿ?" ಎಂದು ದಾರಿಯಲ್ಲಿ ಕೇಳಿದ.

ಅತ್ತೆಗೆ ಮನೆತನದ ಹೆಸರೂ ನೆನಪಿರಲಿಲ್ಲ. "ಬಸದಿ ಹಿಂದೆ. ಅಂಗಳದಲ್ಲಿ ವೀರಗಲ್ಲು ಐತಲ್ಲ, ಅವರ ಮನೆಗೆ."

"ಐತ್ರಿ, ಐತ್ರಿ. ಅಲ್ಲೇ ಇಳಸ್ತೀನಿ."

ಆ ಕಲ್ಲು ಇನ್ನೂ ಇದೆ ಎಂದು ಕೇಳಿದೊಡನೆ ಅತ್ತೆ ನನ್ನ ಮುಂಗೈ ಹಿಡಿದರು. ಊರು ಮುಟ್ಟುವವರೆಗೂ ಬಿಡಲಿಲ್ಲ. ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು, ಕಣಗಳಲ್ಲಿ ಬತ್ತದ ರಾಶಿ. ನಾನು ಹಾಡುಹಗಲಲ್ಲಿ ಯಾರದೋ ಮನೆಗೆ ಹೇಳದೆ ಕೇಳದೆ ಹೋಗಿ ನಿಲ್ಲುವುದು ಹೇಗೆ ಎಂದು ಹೆದರಿದ್ದೆ.

ಅಂಗಳದಲ್ಲಿ ಒಬ್ಬ ಮುದುಕಿ ಹುರುಳಿ ಕೇರುತ್ತಿದ್ದಳು. ವೀರಗಲ್ಲಿಗೆ ಕರುವಿನ ಬದಲು ಎಮ್ಮೆ ಕಟ್ಟಿತ್ತು. ಗಾಡಿ ನಿಂತ ಸದ್ದಿಗೆ ಮುದುಕಿ ತಲೆಯೆತ್ತಿದಳು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. ಮುದುಕಿಯ ಕೈಯಿಂದ ಮೊರ ಜಾರಿತು. ಹುರುಳಿ ಅಂಗಳದ ತುಂಬ ಚೆಲ್ಲಿತು.

"ಅತ್ತಿಗಿ!" ಎಂದಳು.

ನಾವಿಬ್ಬರೂ ನಿಂತಲ್ಲೇ ನಿಂತೆವು. ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ಮತ್ತೆ ನೋಡಿದಳು. ಹತ್ತಿರ ಬಂದು ಅತ್ತೆಯ ಗಲ್ಲ ಮುಟ್ಟಿದಳು. "ಅಲ್ಲ, ಅವ್ಳು ಎಲ್ಲಿಂದ ಬರ್ಬೇಕು. ನೀವು ಜಡೆಯವ್ರಲ್ರೀ? ನಮ್ಮ ಅತ್ತಿಗಿ ತಂಗಿ ಅಲ್ರೀ?"

ಅವರು ಅಕ್ಕನ ನಾದಿನಿ. ಅಣ್ಣನ ಕೂಸನ್ನು ತವರಿನಲ್ಲೇ ಉಳಿದು ತಾವೇ ಸಾಕಿ, ಬೆಳೆದ ಮೇಲೆ ತಮ್ಮ ಮಗನಿಗೇ ತಂದುಕೊಂಡು ಮನೆಯಲ್ಲೇ ಉಳಿಸಿಕೊಂಡಿದ್ದರು. ಇದನ್ನೆಲ್ಲ ಅವರು ನಮ್ಮನ್ನು ಜಗಲಿ ಹತ್ತಿಸುವ ಮೊದಲೇ, ಅಂಗಳದಲ್ಲಿ ನಿಂತು, ಅಳುತ್ತಾ ನಗುತ್ತಾ ಹೇಳಿಬಿಟ್ಟರು. ಮೊಮ್ಮಗಳನ್ನು ಕಣಕ್ಕೆ ಓಡಿಸಿ ಸೊಸೆಯನ್ನು ಕರೆಸಿದರು.

ಅಕ್ಕನ ಮಗಳು ಬಂದಳು. ನಲವತ್ತರ ಹೆಂಗಸು, ತಲೆಯಲ್ಲೆಲ್ಲ ಬತ್ತದ ಹೊಟ್ಟು. ಕುಳ್ಳಗೆ, ದಪ್ಪಗೆ, ಅಗಲ ಮುಖ. ಅತ್ತೆ ಎದ್ದು ನಿಂತು ಅವಳನ್ನೇ ನೋಡಿದರು. ಅವರು ಏನು ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಸಿಗಲಿಲ್ಲ ಎಂಬುದೂ ಗೊತ್ತಾಯಿತು.

ಮುದುಕಿಗೂ ಅದು ತಿಳಿದಿರಬೇಕು. "ಇಕಿ ಪೂರಾ ನಮ್ಮಣ್ಣನ ಕಡಿ. ಅವ್ರವ್ವನ ಮುಖ ಇಕಿಗೆ ಬರ್ಲಿಲ್ಲ. ಅದು ನಿಮ್ಮ ಹತ್ರಾನೇ ಐತಲ್ರೀ. ಅವ್ಳು ಇದ್ದಿದ್ರೆ ಈಗ ಹಿಂಗ ಆಗಿರ್ತಿದ್ಲು, ಒಂದು ಕೂದಲೆಳಿ ಹೆಚ್ಚುಕಮ್ಮಿ ಇಲ್ಲ" ಎಂದರು.

"ನಂದಾ?" ಎಂದರು ಅತ್ತೆ.

"ನಿಮ್ದೇ. ಈ ಹುಬ್ಬು, ಈ ಗದ್ದ. ನಗ್ರಿ ನೋಡೋಣ. ನಕ್ರೆ ಅವ್ಳೇ."

ಆ ಕಾಲದಲ್ಲಿ ಗಂಡ ಹೋದ ಹೆಂಗಸು ಕನ್ನಡಿಯ ಮುಂದೆ ನಿಲ್ಲುವ ರೂಢಿ ಇರಲಿಲ್ಲ. ನಮ್ಮ ಮನೆಯಲ್ಲಿ ಅತ್ತೆ ಕನ್ನಡಿ ನೋಡಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಈಗ ಅವರೇ ಕೇಳಿದರು, "ಮನೇಲಿ ಕನ್ನಡಿ ಐತಾ?" ಗೂಡಿನಲ್ಲಿದ್ದ, ಅಂಗೈಯಗಲದ, ಅಂಚು ಕಪ್ಪಾದ ಕನ್ನಡಿಯನ್ನು ಮುದುಕಿಯ ಮೊಮ್ಮಗಳು ತಂದುಕೊಟ್ಟಳು. ಅತ್ತೆ ಬೆಳಕಿನ ಕಡೆ ತಿರುಗಿ ಅದರಲ್ಲಿ ನೋಡಿದರು. ಹುಬ್ಬು ಮುಟ್ಟಿಕೊಂಡರು, ಗದ್ದ ಮುಟ್ಟಿಕೊಂಡರು. ಸಣ್ಣಗೆ ನಗಲು ಪ್ರಯತ್ನಿಸಿದರು. ಬಿದ್ದುಹೋದ ಮುಂದಿನ ಹಲ್ಲಿನ ಸಂದು ಕಂಡಿರಬೇಕು.

"ಅಕ್ಕಂಗೆ ಹಲ್ಲು ಎಲ್ಲಾ ಇದ್ವು" ಎಂದರು. ಎಲ್ಲರೂ ನಕ್ಕೆವು. ನಗುತ್ತಲೇ ಅವರು ಕನ್ನಡಿಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು.

ಈ ಎಲ್ಲದರ ನಡುವೆ ನಾನು ಅಕ್ಕನ ಮಗಳನ್ನು ಮರೆತೇಬಿಟ್ಟಿದ್ದೆ. ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. ಕೈಯಲ್ಲಿದ್ದ ಕುಡುಗೋಲನ್ನೂ ಕೆಳಗಿಟ್ಟಿರಲಿಲ್ಲ. ರೆಪ್ಪೆ ಬಡಿಯದೆ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆಯಾದರೂ ಕಂಡಿದ್ದ ಮುಖವನ್ನು ಮರೆತವರು. ಇವಳು ಕಂಡೇ ಇರಲಿಲ್ಲ. ಅವ್ವ ಎಂದರೆ ಹೇಗಿರುತ್ತಾಳೆ ಎಂದು ಹುಟ್ಟಿದಂದಿನಿಂದ ತನಗೆ ತೋಚಿದಂತೆ ಊಹಿಸಿಕೊಂಡಿದ್ದವಳಿಗೆ ಈಗ, ಮಗಳಿಗೆ ವರ ಹುಡುಕುವ ವಯಸ್ಸಿನಲ್ಲಿ, ಆ ಮುಖವೇ ಜಗಲಿಯ ಮೇಲೆ ಬಂದು ಕೂತಿತ್ತು. ಕೊನೆಗೆ ಕುಡುಗೋಲು ಬಿಟ್ಟು ಬಂದು ಅತ್ತೆಯ ಕಾಲ ಬಳಿ ಕೂತಳು. "ಚಿಕ್ಕವ್ವ, ಇತ್ತಾಗ ತಿರುಗ್ರಿ" ಎಂದಳು. ಅತ್ತೆ ತಿರುಗಿದರು. "ಸುಮ್ಮ ಕೂತ್ಕೊಂಡಿರ್ರಿ ಸ್ವಲ್ಪ" ಎಂದಳು.

ಅತ್ತೆ ಸುಮ್ಮನೆ ಕೂತರು. ಅವರು ಅಷ್ಟು ಹೊತ್ತು ಮಾತಿಲ್ಲದೆ, ಕೈಗೆ ಕೆಲಸವಿಲ್ಲದೆ ಕೂತದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಊಟವಾದ ಮೇಲೆ ಅತ್ತೆ ಗಂಟು ಬಿಚ್ಚಿದರು. ಹಸಿರು ಸೀರೆ, ಕುಪ್ಪಸದ ಕಣ, ಕೊಬ್ಬರಿ, ಬಳೆ, ಎಲೆ ಅಡಿಕೆ, ಒಂದು ಸೇರು ಅಕ್ಕಿ. ಮಗಳಿಗೆ ತವರಿನವರು ಉಡಿ ತುಂಬುವ ಸಾಮಾನು ಎಲ್ಲವೂ ಇತ್ತು. ಮನೆ ಬಿಡುವಾಗಲೇ ಎಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದರು. "ಏ ಹುಡುಗಿ, ನೀನು ತುಂಬು. ಮುತ್ತೈದೆ ಕೈಯಲ್ಲಿ ಆಗ್ಲಿ" ಎಂದು ನನಗೆ ಹೇಳಿದರು. ನನ್ನನ್ನು ಯಾಕೆ ಬಸ್ಸಿನಿಂದ ಇಳಿಸಿದರು ಎಂಬುದು ಆಗ ತಿಳಿಯಿತು.

ನಾನು ಅಕ್ಕಿಗೆ ಕೈ ಹಾಕುವ ಮೊದಲೇ ಅಕ್ಕನ ಮಗಳು ಸೆರಗು ಒಡ್ಡಿಕೊಂಡು ಅತ್ತೆಯ ಕಡೆ ತಿರುಗಿದಳು. "ನೀವೇ ತುಂಬ್ರಿ."

"ನಾನು ತುಂಬೋ ಹಂಗಿಲ್ಲವ್ವ."

"ನಮ್ಮವ್ವ ತುಂಬಬೇಕಿತ್ತು. ನೀವು ತುಂಬ್ರಿ. ಇಲ್ಲಾಂದ್ರ ಬ್ಯಾಡ ಬಿಡ್ರಿ."

ಅತ್ತೆ ಮುದುಕಿಯನ್ನು ನೋಡಿದರು. "ನನ್ನೇನ್ ನೋಡ್ತೀರಿ, ಕೇಳಿದ್ದು ಕೊಡ್ರಿ ಕೂಸಿಗೆ" ಎಂದರು ಮುದುಕಿ. ಅತ್ತೆ ಬೊಗಸೆ ತುಂಬ ಅಕ್ಕಿ ಎತ್ತಿದರು. ಸೆರಗಿಗೆ ಸುರಿಯುವಾಗ ಅರ್ಧ ನೆಲಕ್ಕೇ ಬಿತ್ತು. ಮಿಕ್ಕಿದ್ದನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಬಿದ್ದ ಅಕ್ಕಿಯನ್ನೂ ಒಂದೊಂದಾಗಿ ಆರಿಸಿಕೊಂಡಳು.

ಮರುದಿನ ಬೆಳಿಗ್ಗೆ ಅವಳು ನಮಗೆ ಊರು ತೋರಿಸಲು ಹೊರಟಳು. ಕಂಬಗಳು, ಶಾಸನದ ಕಲ್ಲುಗಳು, ಮಾಡು ಬಿದ್ದ ಗುಡಿಯೊಳಗೆ ಮೇಯುವ ಆಡುಗಳು. ಚಾಚಿಗೆ ಹೇಳಬೇಕೆಂದು ನಾನು ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಂಡೆ. ಅತ್ತೆ ಒಂದು ಕಂಬವನ್ನೂ ಸರಿಯಾಗಿ ನೋಡಲಿಲ್ಲ. ಇಬ್ಬರೂ ಕೈ ಕೈ ಹಿಡಿದುಕೊಂಡು ಎಮ್ಮೆಯ ಹಾಲು, ಸೊಂಟದ ನೋವು, ಹುಡುಗಿಗೆ ಬಂದಿರುವ ಸಂಬಂಧ ಎಂದು ಮಾತಾಡುತ್ತಾ ಹಿಂದೆ ಹಿಂದೆ ಬಂದರು.

ಶಿಕಾರಿಪುರದಲ್ಲಿ ನಮ್ಮಪ್ಪ ಹಿಂದಿನ ದಿನದಿಂದ ಪ್ರತಿ ಬಸ್ಸಿಗೂ ಬಂದು ನೋಡಿ ಕಂಗಾಲಾಗಿದ್ದರು. "ಎಲ್ಲಿಗೆ ಹೋಗಿದ್ರಿ ಬೀಗ್ತಿಯವ್ರೇ?" ಎಂದು ಕೇಳಿದರೆ ಅತ್ತೆ ಏನೂ ಆಗದವರಂತೆ, "ನಮ್ಮಕ್ಕನ ಮನೆ ದಾರೀಲೇ ಐತಲ್ರೀ, ಹೋಗಿ ಬಂದ್ವಿ" ಎಂದರು. ಅಪ್ಪ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ.

ಆ ಹರಿದುಹೋದ ಕಂತು ನನಗೆ ಅಲ್ಲಿಯೇ ಸಿಕ್ಕಿತು. ಎದುರು ಮನೆಯವರು ಅದೇ ಪತ್ರಿಕೆ ತರಿಸುತ್ತಿದ್ದರು. ಹಬ್ಬದ ಮಧ್ಯಾಹ್ನ ಅದನ್ನು ಇಸಿದುಕೊಂಡು ಬಂದು, ಅತ್ತೆ ಮತ್ತು ಅವ್ವ ಇಬ್ಬರನ್ನೂ ಕೂರಿಸಿ ಓದಿದೆ. ವಿಜ್ಞಾನಿ ಒಬ್ಬ ರಾಜನ ಆಸ್ಥಾನಕ್ಕೆ ಹೋಗುತ್ತಾನೆ. ಗೂಢಚಾರನೆಂದು ಅವನನ್ನು ಸೆರೆಗೆ ಹಾಕುತ್ತಾರೆ. ಆನೆಯೊಂದು ಮದವೇರಿ ಲಾಯ ಮುರಿದ ಗದ್ದಲದಲ್ಲಿ ಸೋದರಸೊಸೆ ಅವನನ್ನು ಬಿಡಿಸಿಕೊಂಡು ಬರುತ್ತಾಳೆ. ನನಗೇನೋ ಮೈ ಜುಮ್ಮೆಂದಿತು. ಅವ್ವ, "ಪಾಪ, ಆನೆ" ಎಂದಳು.

ಅತ್ತೆ ಮುಗಿಯುವವರೆಗೂ ಕೇಳಿ ಕಾಲು ನೀಡಿಕೊಂಡರು. "ಅಷ್ಟು ದೂರ ಹೋಗಿ ಬರೀ ರಾಜನ್ನ ನೋಡ್ಕಂಡು ಬಂದ್ನಾ? ಅವನ ಅವ್ವ ಅಪ್ಪ ಯಾರೂ ಇರ್ಲಿಲ್ವಾ ಹಿಂದೆ?" ಎಂದರು. ಮುಂದೆ ಸ್ವಲ್ಪ ಕಾಲಕ್ಕೆ ಆ ವಿಜ್ಞಾನಿಯ ಕತೆಗಳು ನಿಂತವು. ಅವುಗಳ ಜಾಗದಲ್ಲಿ ಪತ್ತೇದಾರಿ ಕತೆ ಶುರುವಾಯಿತು.

ಅಕ್ಕನ ಮಗಳು ಮೊದಲ ಸಲ ಸೊರಬಕ್ಕೆ ಬಂದದ್ದು ಆ ವರ್ಷದ ಪಂಚಮಿಗೆ, ಹುರುಳಿಯ ಚೀಲ ಹೊತ್ತುಕೊಂಡು. ಬಂದವಳೇ ಅಡುಗೆಮನೆ ಹೊಕ್ಕಳು. ನಮ್ಮ ಸಾರಿಗೆ ಖಾರ ಸಾಲದು ಎಂದಳು. ಅತ್ತೆ ಅವಳ ಸಾರು ಬಾಯಿಗಿಡುವ ಹಾಗಿಲ್ಲ ಎಂದರು. ಚಾಚಿ ಎರಡನ್ನೂ ರುಚಿ ನೋಡಿ, ಎರಡೂ ಮನೆಯ ಮರ್ಯಾದೆ ಉಳಿಸುವಂತೆ ಏನೋ ಹೇಳಿದರು. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಅವಳು ಬರುವುದು, ಅತ್ತೆ ಹೋಗುವುದು ರೂಢಿಯಾಯಿತು. ಚಿಕ್ಕವ್ವ ಎನ್ನುತ್ತಿದ್ದವಳು ಯಾವಾಗ ಅವ್ವ ಎನ್ನತೊಡಗಿದಳೋ ನನಗೆ ಗೊತ್ತಾಗಲಿಲ್ಲ. ಒಂದು ದಿನ ಕೇಳಿಸಿತು, ಅಷ್ಟೇ. ಅತ್ತೆಯೂ ಅದಕ್ಕೇ ಓಗೊಟ್ಟಿದ್ದರು.

ಕೆಲವು ವರ್ಷಗಳ ನಂತರ ಸೊರಬಕ್ಕೆ ಒಬ್ಬ ಫೋಟೋದವನು ಬಂದು ಅಂಗಡಿ ಇಟ್ಟ. ನನ್ನ ಗಂಡ ಎಷ್ಟು ಕರೆದರೂ ಬರುವುದಿಲ್ಲ ಎಂದಿದ್ದ ಅತ್ತೆ, ಬಂದಳಿಕೆಯಿಂದ ಬೇಡಿಕೆ ಬಂದ ಮೇಲೆ ಒಪ್ಪಿದರು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತರು. ಎರಡು ಪ್ರತಿ ಮಾಡಿಸಿ ಒಂದನ್ನು ಬಂದಳಿಕೆಗೆ ಕಳಿಸಿದೆವು. ಅಕ್ಕನ ಮಗಳು ಅದಕ್ಕೆ ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕ ತೂಗುಹಾಕಿದಳು. ಅವಳ ಮಗಳ ಮದುವೆಗೆ ಹೋದಾಗ, ಅವಳು ಮದುಮಗಳನ್ನು ಕರೆತಂದು ಆ ಪಟಕ್ಕೆ ನಮಸ್ಕಾರ ಮಾಡಿಸುವುದನ್ನು ನೋಡಿದೆ. "ನಮ್ಮವ್ವ, ಆಶೀರ್ವಾದ ತಗೋ" ಎನ್ನುತ್ತಿದ್ದಳು. ಅತ್ತೆ ಅದೇ ಪಟದ ಕೆಳಗೆ ಚಾಪೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹುಡುಗಿ ಪಟಕ್ಕೆ ಕೈ ಮುಗಿದು, ಬಗ್ಗಿ ಅತ್ತೆಯ ಕಾಲನ್ನೂ ಮುಟ್ಟಿದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಜೋಪಾನ, ಹೂ ಬಿದ್ದಾತು" ಎಂದು ಜಾರುತ್ತಿದ್ದ ಮಲ್ಲಿಗೆಯ ದಂಡೆಯನ್ನು ಸರಿಯಾಗಿ ಸಿಕ್ಕಿಸಿದರು.